ಕಟ್ಟಡ ಉಳಿದ ಮಾತ್ರಕ್ಕೆ ಚಿತ್ರಮಂದಿರ ಉಳಿಯುತ್ತದೆಯೇ?

ಬೆಂಗಳೂರಿನಲ್ಲಿ ಹಳೆಯ ಟಾಕೀಸೊಂದು ಬಾಗಿಲು ಹಾಕಿದಾಗಲೆಲ್ಲ ಅದನ್ನು ಉಳಿಸಿಕೊಳ್ಳಬೇಕಿತ್ತು ಎಂಬ ಮಾತು ಕೇಳಿಬರುತ್ತದೆ. ಪತ್ರಿಕೆಗಳಲ್ಲಿ ಕೆಲವು ದಿನ ನೆನಪಿನ ಬರಹಗಳು ಬರುತ್ತವೆ, ಅಲ್ಲಿ ಯಾವ ಚಿತ್ರ ಎಷ್ಟು ವಾರ ಓಡಿತು ಎಂಬ ಲೆಕ್ಕ ನಡೆಯುತ್ತದೆ, ಅಷ್ಟರಲ್ಲಿ ನಿವೇಶನದ ಸುತ್ತ ತಗಡಿನ ಬೇಲಿ ಎದ್ದಿರುತ್ತದೆ. ಬೇರೆ ಬೇರೆಯಾದ ಎರಡು ಬೇಡಿಕೆಗಳು ಈ ಮಾತಿನೊಳಗೆ ಬೆರೆತುಹೋಗಿರುವುದರಿಂದಲೇ ಅದು ಕಾರ್ಯಕ್ಕೆ ಇಳಿಯದೆ ಹಳಹಳಿಕೆಯಾಗಿಯೇ ಉಳಿಯುತ್ತದೆ. ಕಟ್ಟಡವನ್ನು ಅದರ ಮುಖಮಂಟಪ, ಮೆಟ್ಟಿಲು, ಪರದೆ, ಬಾಲ್ಕನಿಗಳ ಸಮೇತ ಕಾಪಾಡಬೇಕೆಂಬುದು ಒಂದು ಬೇಡಿಕೆ. ಕಡಿಮೆ ದುಡ್ಡಿಗೆ, ಬೀದಿಯಿಂದ ನೇರವಾಗಿ ಒಳಗೆ ಬಂದು, ಸಾವಿರ ಜನ ಒಂದೇ ಪರದೆಯ ಮುಂದೆ ಕೂರುತ್ತಿದ್ದ ಪದ್ಧತಿಯನ್ನು ಕಾಪಾಡಬೇಕೆಂಬುದು ಇನ್ನೊಂದು. ಇವೆರಡೂ ಒಂದೇ ಎಂದು ಭಾವಿಸುವವರು ಮೊದಲನೆಯದನ್ನು ಸಾಧಿಸಿ ಎರಡನೆಯದನ್ನು ಕಳೆದುಕೊಳ್ಳುತ್ತಾರೆ. ಪೂಜೆ ನಿಂತುಹೋದ ಗುಡಿಗೆ ಜೀರ್ಣೋದ್ಧಾರ ಮಾಡಿ, ಭಕ್ತರನ್ನು ಹೊರಗೇ ನಿಲ್ಲಿಸಿದ ಹಾಗೆ ಆ ಕೆಲಸ. ಜನರ ನೆನಪಿನಲ್ಲಿ ನಿಂತಿರುವುದು ಎರಡನೆಯದೇ ಆದ್ದರಿಂದ ಪುನರುಜ್ಜೀವನದ ಚರ್ಚೆ ಅಲ್ಲಿಂದಲೇ ಆರಂಭವಾಗಬೇಕು.

ಈ ವಾದವನ್ನು ಪರೀಕ್ಷಿಸಲು ಪಶ್ಚಿಮ ಬೆಂಗಳೂರಿಗಿಂತ ಒಳ್ಳೆಯ ನೆಲ ಇಲ್ಲ. ನಗರದ ಸಿನಿಮಾ ಚರಿತ್ರೆ ಬರೆಯುವವರ ದೃಷ್ಟಿ ಸಹಜವಾಗಿ ಪೇಟೆ ಮತ್ತು ಗಾಂಧಿನಗರದ ಕಡೆ ಹೊರಳುತ್ತದೆ: 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು ಸಿಟಿ ಮಾರುಕಟ್ಟೆ ಬಳಿಯ ಪ್ಯಾರಮೌಂಟ್‌ನಲ್ಲಿ, ಮೆಜೆಸ್ಟಿಕ್ ಎಂಬ ಟಾಕೀಸಿನ ಹೆಸರು ಒಂದು ಇಡೀ ಪ್ರದೇಶಕ್ಕೆ ಅಂಟಿಕೊಂಡು, ಟಾಕೀಸು ಹೋದ ಮೇಲೂ ಜನರ ಬಾಯಲ್ಲಿ ಕೆಂಪೇಗೌಡ ಬಸ್ ನಿಲ್ದಾಣದ ಹೆಸರಾಗಿ ಉಳಿದಿದೆ, ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ 1972ರ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿತು. ಆದರೆ ಒಂದು ಚಿತ್ರಕ್ಕೆ ಎರಡು ವರ್ಷ ಬಾಳಿಕೆ ಕೊಡುವಷ್ಟು ಜನ ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಉತ್ತರವನ್ನು ಕೆಂಪೇಗೌಡ ರಸ್ತೆಯ ಆಚೆಗೂ ಹುಡುಕಬೇಕು. ಅವರಲ್ಲಿ ಬಹುಪಾಲು ಮಂದಿ ಕಾರ್ಖಾನೆ, ಗಿರಣಿ, ಸಣ್ಣ ಕಚೇರಿಗಳಲ್ಲಿ ದುಡಿಯುತ್ತಿದ್ದವರು, ನಗರದ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿದವರು ಮತ್ತು ತುಮಕೂರು, ಮಾಗಡಿ, ಮೈಸೂರು ರಸ್ತೆಗಳಿಂದ ಬಸ್ಸಿನಲ್ಲಿ ಬಂದಿಳಿಯುತ್ತಿದ್ದವರು.

ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರ, ವಸತಿಯ ಜೊತೆಗೆ ಕೈಗಾರಿಕೆಗೂ ಜಾಗ ಕೊಟ್ಟು ಬೆಳೆದ ಬಡಾವಣೆ. ಅದರ ಒಂದು ಮಗ್ಗುಲಿಗೆ ಯಶವಂತಪುರದ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಮಾಗಡಿ ರಸ್ತೆಯತ್ತ 1884ರಷ್ಟು ಹಿಂದೆ ಸ್ಥಾಪನೆಯಾದ ಬಿನ್ನಿ ಗಿರಣಿ, ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ ಇದ್ದವು. ಈ ದುಡಿಮೆಗಾರರ ಸೀಮೆಯಲ್ಲಿ ಹುಟ್ಟಿಕೊಂಡ ಚಿತ್ರಮಂದಿರಗಳು ಎಂದರೆ ಮಾಗಡಿ ರಸ್ತೆಯ ಪ್ರಸನ್ನ, ಅಂಜನ್, ವೀರೇಶ್ ಮತ್ತು ರಾಜಾಜಿನಗರದ ನವರಂಗ್. ನವರಂಗ್ ಇರುವುದು ಇಂದು ಡಾ. ರಾಜ್‌ಕುಮಾರ್ ಹೆಸರಿರುವ ರಸ್ತೆಯಲ್ಲಿ. ಅದರ ಮುಂದಿನ ವೃತ್ತಕ್ಕೂ ಬಸ್ ನಿಲ್ದಾಣಕ್ಕೂ ಅದರದೇ ಹೆಸರು. ಅದನ್ನು ನಡೆಸಿಕೊಂಡು ಬಂದದ್ದು 1971ರ ‘ಕಸ್ತೂರಿ ನಿವಾಸ’ವನ್ನು ನಿರ್ಮಿಸಿದ ಕೆ.ಸಿ.ಎನ್. ಗೌಡರ ಕುಟುಂಬ. ಚಿತ್ರ ತಯಾರಿಸುವವರು, ಅದನ್ನು ಹಂಚುವವರು, ತೋರಿಸುವವರು ಒಂದೇ ಮನೆಯವರಾಗಿದ್ದುದು ಕನ್ನಡ ಚಿತ್ರೋದ್ಯಮದಲ್ಲಿ ಅಪರೂಪವೇನಲ್ಲ. ಆದರೆ ಅದರಿಂದ ಒಂದು ಬಡಾವಣೆಯ ಟಾಕೀಸಿಗೆ ಆಗುತ್ತಿದ್ದ ಅನುಕೂಲವನ್ನು ಗಮನಿಸಬೇಕು. ಬಾಡಿಗೆಯ ಲೆಕ್ಕ ಮಾತ್ರ ನೋಡುವ ಮಾಲೀಕ ಬೇಗನೆ ಕೈಬಿಡುವಂಥ ಚಿತ್ರವನ್ನು, ಅದರ ಮೇಲೆ ನಂಬಿಕೆಯಿರುವ ಕುಟುಂಬ ಇನ್ನೂ ಎರಡು ವಾರ ಓಡಿಸಿ ನೋಡಬಲ್ಲದು.

ಅಂಥ ಚಿತ್ರಮಂದಿರದ ಒಳರಚನೆಯನ್ನು ಸ್ವಲ್ಪ ವಿವರವಾಗಿ ನೋಡಿದರೆ ನೆನಪುಗಳ ಮೂಲ ತಿಳಿಯುತ್ತದೆ. ಪರದೆಗೆ ತೀರ ಹತ್ತಿರವಿದ್ದ, ಎಲ್ಲಕ್ಕಿಂತ ಅಗ್ಗದ ಸಾಲುಗಳಿಗೆ ಜನ ‘ಗಾಂಧಿ ಕ್ಲಾಸ್’ ಎನ್ನುತ್ತಿದ್ದರು; ಅದರ ಹಿಂದೆ ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಮೇಲೆ ಬಾಲ್ಕನಿ. ಗಾಂಧಿ ಕ್ಲಾಸಿನ ಟಿಕೆಟ್ ಮುಂಗಡವಾಗಿ ಸಿಗದ ಕಡೆ ಗೋಡೆಗಳ ನಡುವಿನ ಇಕ್ಕಟ್ಟಾದ ಸಾಲಿನಲ್ಲಿ ನಿಂತೇ ಅದನ್ನು ಪಡೆಯಬೇಕಿತ್ತು. ಬೆಳಗಿನ ಆಟ, ಮ್ಯಾಟಿನಿ, ಫಸ್ಟ್ ಷೋ, ಸೆಕೆಂಡ್ ಷೋ ಎಂಬ ವೇಳೆಗಳು ಪಾಳಿಯಲ್ಲಿ ದುಡಿಯುವವರ ದಿನಚರಿಗೆ ಹೊಂದುತ್ತಿದ್ದವು: ಮೊದಲ ಪಾಳಿ ಮುಗಿಸಿದವರಿಗೆ ಮ್ಯಾಟಿನಿ, ಎರಡನೆಯ ಪಾಳಿಗೆ ಹೋಗುವವರಿಗೆ ಬೆಳಗಿನ ಆಟ. ಮೇಲಿನ ಯಂತ್ರದ ಕೋಣೆಯಲ್ಲಿ ಎರಡು ಪ್ರೊಜೆಕ್ಟರುಗಳು. 35 ಮಿಲಿಮೀಟರ್ ಅಗಲದ ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತ ನಿಮಿಷಕ್ಕೆ 90 ಅಡಿ ಮುಗಿಯುವುದರಿಂದ ಸಾವಿರ ಅಡಿಯ ರೀಲು ಹನ್ನೊಂದು ನಿಮಿಷವಷ್ಟೇ ಬಾಳುತ್ತಿತ್ತು, ಒಂದು ಯಂತ್ರದ ಸುರುಳಿ ಮುಗಿಯುವ ಹೊತ್ತಿಗೆ ಆಪರೇಟರ್ ಎರಡನೆಯದನ್ನು ಸರಿಯಾದ ಕ್ಷಣಕ್ಕೆ ಚಾಲೂ ಮಾಡಬೇಕಿತ್ತು. ಆತ ತಡಮಾಡಿದರೆ ಇಡೀ ಸಭಾಂಗಣ ಕೂಗುತ್ತಿತ್ತು. ಆ ಕೂಗಿನಲ್ಲಿ ಬಾಲ್ಕನಿಯವರೂ ಗಾಂಧಿ ಕ್ಲಾಸಿನವರೂ ಸೇರುತ್ತಿದ್ದರು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಹಳೆಯ ಟಾಕೀಸು ಸಮಾನತೆಯ ತಾಣವಾಗಿತ್ತು ಎಂಬ ಚಿತ್ರಣ ಸತ್ಯಕ್ಕೆ ದೂರ ಎಂದು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಟಿಕೆಟ್ ದರದ ಪ್ರಕಾರ ಜನರನ್ನು ವಿಂಗಡಿಸಿ ಕೂರಿಸುತ್ತಿದ್ದುದು ಅದೇ ಟಾಕೀಸು. ಶೌಚಾಲಯಗಳ ದುಃಸ್ಥಿತಿ, ಬೀಡಿಯ ಹೊಗೆ, ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವವರ ದಬ್ಬಾಳಿಕೆ, ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಕಿರುಕುಳ ಇವೆಲ್ಲ ನೆನಪಿನ ಬರಹಗಳಲ್ಲಿ ಮರೆಯಾಗುತ್ತವೆ, ಏಕೆಂದರೆ ಅವನ್ನು ಬರೆದವರಲ್ಲಿ ಹೆಚ್ಚಿನವರು ಗಂಡಸರು. ಸುರಕ್ಷತೆಯ ಪ್ರಶ್ನೆ ಇನ್ನೂ ಗಂಭೀರವಾದದ್ದು: 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಸತ್ತ ಮೇಲೆ ಹಳೆಯ ಕಟ್ಟಡವನ್ನು ಇದ್ದಂತೆಯೇ ಇರಿಸಬೇಕು ಎಂದು ಯಾರೂ ವಾದಿಸಲಾಗದು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಹಳೆಯ ಟಾಕೀಸು ಜನರನ್ನು ಒಳಗೆ ಬಿಟ್ಟುಕೊಂಡ ಮೇಲೆ ವಿಂಗಡಿಸುತ್ತಿತ್ತು. ಇಂದಿನ ಮಾಲು ಬಾಗಿಲಲ್ಲಿಯೇ ವಿಂಗಡಿಸುತ್ತದೆ. ಒಂದೇ ಮಾಡಿನ ಕೆಳಗೆ ಬೇರೆ ಬೇರೆ ಸಾಲುಗಳಲ್ಲಿ ಕೂತವರು ಒಂದೇ ಮಾತಿಗೆ ನಗುತ್ತಾರೆ, ಒಂದೇ ದೃಶ್ಯಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ಹೊರಗೆ ನಿಂತವನಿಗೆ ಅದಾವುದರಲ್ಲೂ ಪಾಲಿಲ್ಲ.

ಈ ಮಾತು ಉತ್ಪ್ರೇಕ್ಷೆಯಲ್ಲ ಎಂಬುದನ್ನು 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ನಡೆದ ಘಟನೆ ನಾಡಿಗೇ ತೋರಿಸಿತು. ಮಗನೊಂದಿಗೆ ಸಿನಿಮಾ ನೋಡಲು ಬಂದ ವಯಸ್ಸಾದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಎಂಬ ಕಾರಣಕ್ಕೆ ಬಾಗಿಲಲ್ಲಿ ತಡೆಯಲಾಯಿತು. ಪ್ರತಿಭಟನೆಗಳು ನಡೆದು, ವಿಧಾನಮಂಡಲದಲ್ಲಿ ಚರ್ಚೆಯಾಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಕನ್ನಡ ಚಿತ್ರರಂಗದ ಮಹಾನಟ ರಾಜ್‌ಕುಮಾರ್ ಸಾರ್ವಜನಿಕವಾಗಿ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿಯೇ ಕಾಣಿಸಿಕೊಂಡವರು. ಅವರ ಸಮಾಧಿಯಿರುವ ಕಂಠೀರವ ಸ್ಟುಡಿಯೋ ಆ ಜಾಗದಿಂದ ಬಹಳ ದೂರದಲ್ಲೇನಿಲ್ಲ. ತಡೆದ ಕಾವಲುಗಾರನೊಬ್ಬನ ತಪ್ಪು ಎಂದು ಈ ಘಟನೆಯನ್ನು ಮರೆತುಬಿಡುವುದು ಸುಲಭ. ಆದರೆ ಸಿನಿಮಾ ನೋಡಬೇಕಾದರೆ ಮೊದಲು ಅಂಗಡಿಗಳ ಸಾಲನ್ನು ಹಾಯ್ದು, ತಪಾಸಣೆಗೆ ಒಡ್ಡಿಕೊಂಡು, ಗಿರಾಕಿಯಂತೆ ಕಾಣಬೇಕು ಎಂಬ ಷರತ್ತು ಮಾಲಿನ ರಚನೆಯಲ್ಲಿಯೇ ಅಡಗಿದೆ.

ಇನ್ನೂ ಒಂದು ಸಂಗತಿ ಇಲ್ಲಿ ಎದ್ದುಕಾಣುತ್ತದೆ. ರಾಜಾ ಮಿಲ್ ಇದ್ದ ನೆಲದಲ್ಲಿ ಇಂದು ಮಂತ್ರಿ ಸ್ಕ್ವೇರ್ ಮಾಲ್ ಇದೆ. ರಾಜಾಜಿನಗರ ಮತ್ತು ಮಲ್ಲೇಶ್ವರದ ನಡುವೆ ಒರಾಯನ್ ಮಾಲ್ ಇರುವ ಬಡಾವಣೆ ಎದ್ದದ್ದು ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ. ಬಿನ್ನಿ ಗಿರಣಿಯ ವಿಶಾಲ ನೆಲವೂ ವಸತಿ ಸಮುಚ್ಚಯಗಳ ಪಾಲಾಯಿತು. ಟಾಕೀಸನ್ನು ತುಂಬಿಸುತ್ತಿದ್ದ ಗಿರಣಿ ಕಾರ್ಮಿಕರು ಕೆಲಸ ಕಳೆದುಕೊಂಡ ಜಾಗಗಳಲ್ಲಿಯೇ, ಅವರ ಟಾಕೀಸಿಗೆ ಪೈಪೋಟಿಯಾದ ಮಲ್ಟಿಪ್ಲೆಕ್ಸುಗಳು ತಲೆಯೆತ್ತಿದವು. ಮನೆಯ ಟಿವಿ, ಮೊಬೈಲು, ಒಟಿಟಿಗಳು ಏಕಪರದೆಯ ಚಿತ್ರಮಂದಿರವನ್ನು ಕೊಂದವು ಎಂಬ ವಿವರಣೆ ಪ್ರಚಲಿತವಾಗಿದೆ. ಒಂದು ಮಟ್ಟಿಗೆ ಅದು ನಿಜ, 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ತಿಂಗಳುಗಟ್ಟಲೆ ಮುಚ್ಚಿದ ಪ್ರದರ್ಶನಗಳು ಮತ್ತೆ ಆರಂಭವಾದಾಗ ಎಷ್ಟೋ ಪ್ರೇಕ್ಷಕರು ಮರಳಲಿಲ್ಲ. ಆದರೆ ನೆಲದ ಬೆಲೆ ಮತ್ತು ನೆರೆಹೊರೆಯ ದುಡಿಮೆಯ ಸ್ವರೂಪ ಬದಲಾದದ್ದು ಅದಕ್ಕಿಂತ ಹಳೆಯ, ಆಳವಾದ ಕಾರಣ.

ಪ್ರದರ್ಶನ ತಂತ್ರದ ಬದಲಾವಣೆಯೂ ಸೇರಿಕೊಂಡಿತು. ಫಿಲಂ ಪ್ರತಿ ದುಬಾರಿಯಾಗಿದ್ದ ಕಾಲದಲ್ಲಿ ಪ್ರತಿಗಳು ಕಡಿಮೆ, ಆದ್ದರಿಂದ ಚಿತ್ರ ಕೆಲವೇ ಟಾಕೀಸುಗಳಲ್ಲಿ ಬಹಳ ವಾರ ಓಡುತ್ತಿತ್ತು. ಸಂಬಳದ ದಿನದವರೆಗೆ ಕಾಯಬೇಕಾದವರೂ, ಊರಿಂದ ನೆಂಟರು ಬರಲಿ ಎಂದು ಕಾಯುವವರೂ ಅದನ್ನು ನೋಡಬಹುದಿತ್ತು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ಪ್ರತಿಯ ಖರ್ಚು ಇಳಿದು, ಒಂದೇ ದಿನ ನೂರಾರು ಪರದೆಗಳಲ್ಲಿ ಚಿತ್ರ ಬಿಡುಗಡೆಯಾಗಿ, ಮೊದಲ ಮೂರು ದಿನಗಳ ಗಳಿಕೆಯೇ ಅದರ ಹಣೆಬರಹವಾಯಿತು. ಮೊದಲ ಮೂರು ದಿನ ದುಬಾರಿ ಟಿಕೆಟ್ ಕೊಳ್ಳಬಲ್ಲವರಿಗಾಗಿ ರೂಪಿತವಾದ ಈ ವ್ಯವಸ್ಥೆಯಲ್ಲಿ, ನಾಲ್ಕನೆಯ ವಾರ ಬರುವ ಬಡ ಪ್ರೇಕ್ಷಕನಿಗೆ ನೋಡಲು ಚಿತ್ರವೇ ಉಳಿದಿರುವುದಿಲ್ಲ.

ಈ ಹಿನ್ನೆಲೆಯಲ್ಲಿ ಪುನರುಜ್ಜೀವನದ ಕೆಲವು ನಿದರ್ಶನಗಳನ್ನು ತೂಗಿ ನೋಡಬಹುದು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ ಮತ್ತು ಬ್ರಿಗೇಡ್ ರಸ್ತೆ ಕೂಡುವಲ್ಲಿ ಇರುವ ಒಪೆರಾ ಹೌಸ್, ಬ್ರಿಟಿಷರ ಕಾಲದಲ್ಲಿ ನಾಟಕಕ್ಕೂ ಆಮೇಲೆ ಸಿನಿಮಾಕ್ಕೂ ಬಳಕೆಯಾಗಿ, ದೀರ್ಘಕಾಲ ಪಾಳುಬಿದ್ದು, 2018ರಲ್ಲಿ ಸುಂದರವಾಗಿ ದುರಸ್ತಿಗೊಂಡು ತೆರೆಯಿತು. ಆದರೆ ಮೊಬೈಲ್ ಕಂಪನಿ ಸ್ಯಾಮ್‌ಸಂಗ್‌ನ ಪ್ರದರ್ಶನ ಮಳಿಗೆಯಾಗಿ. ಕಟ್ಟಡ ನೆಲಸಮವಾಗದೆ ಉಳಿದದ್ದು ನಿಜವಾಗಿಯೂ ಒಳ್ಳೆಯದೇ, ಅದಕ್ಕಾಗಿ ದುಡಿದ ಕುಶಲಕರ್ಮಿಗಳಿಗೆ ಮೆಚ್ಚುಗೆ ಸಲ್ಲಬೇಕು. ಆದರೆ ಅದು ಸಭಾಂಗಣವಾಗಿ ಉಳಿಯಲಿಲ್ಲ. ಮುಂಬಯಿಯ ರಾಯಲ್ ಒಪೆರಾ ಹೌಸ್ 1993ರಲ್ಲಿ ಮುಚ್ಚಿ, ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಕೈಯಲ್ಲಿ ಜೀರ್ಣೋದ್ಧಾರಗೊಂಡು 2016ರಲ್ಲಿ ಮತ್ತೆ ತೆರೆದು, ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಯನ್ನೂ ಪಡೆಯಿತು. ಅಲ್ಲಿ ಈಗ ಸಂಗೀತ, ನಾಟಕಗಳು ನಡೆಯುವುದರಿಂದ ಅದು ಸಭಾಂಗಣವಾಗಿಯಾದರೂ ಉಳಿದಿದೆ, ಆದರೆ ದಿನಕ್ಕೆ ನಾಲ್ಕು ಆಟಗಳ ಚಿತ್ರಮಂದಿರವಾಗಿ ಅಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ 1929ರ ಫಾಕ್ಸ್ ಥಿಯೇಟರನ್ನು 1970ರ ದಶಕದಲ್ಲಿ ದೂರವಾಣಿ ಕಂಪನಿಯೊಂದು ತನ್ನ ಕಚೇರಿಗಾಗಿ ಕೆಡವಲು ಹೊರಟಾಗ, ನಾಗರಿಕರು ಲಾಭದ ಉದ್ದೇಶವಿಲ್ಲದ ಸಂಸ್ಥೆಯನ್ನು ಕಟ್ಟಿ, ಹಣ ಕೂಡಿಸಿ ಅದನ್ನು ತಮ್ಮದಾಗಿಸಿಕೊಂಡರು. ಮಾಲೀಕತ್ವದ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದರಿಂದ ಅದು ಇವುಗಳಿಗಿಂತ ಒಳ್ಳೆಯ ಪಾಠ.

ಇದಕ್ಕೆ ಎದುರಾಗಿ, 1968ರಲ್ಲಿ ತೆರೆದ ಸುಬೇದಾರ್ ಛತ್ರಂ ರಸ್ತೆಯ ಕಪಾಲಿ, ವಿಶಾಲ ಬಾಗು ಪರದೆಯ ಸಿನಿರಾಮಾ ವ್ಯವಸ್ಥೆಯಿಂದ ಹೆಸರಾಗಿದ್ದರೂ, 2017ರಲ್ಲಿ ಪ್ರದರ್ಶನ ನಿಲ್ಲಿಸಿ ನೆಲಸಮವಾಯಿತು. ‘ಬಂಗಾರದ ಪಂಜರ’ದೊಂದಿಗೆ 1974ರಲ್ಲಿ ಆರಂಭವಾದ ಸ್ಯಾಂಕಿ ರಸ್ತೆಯ ಕಾವೇರಿ, ಐವತ್ತು ವರ್ಷ ತುಂಬಿದ 2024ರಲ್ಲಿಯೇ ಮುಚ್ಚಿತು. ಇವುಗಳ ನಡುವೆ ನವರಂಗ್ ನವೀಕರಣಗೊಂಡು, ಆಸನ, ಧ್ವನಿ, ಪರದೆಗಳನ್ನು ಬದಲಿಸಿಕೊಂಡು, ಏಕಪರದೆಯ ಚಿತ್ರಮಂದಿರವಾಗಿಯೇ ಮುಂದುವರಿದದ್ದು ಸಣ್ಣ ಸಂಗತಿಯಲ್ಲ. ಪಾರಂಪರಿಕ ಕಟ್ಟಡಗಳ ಪರಿಣತರು ಅದನ್ನು ಪುನರುಜ್ಜೀವನ ಎಂದು ಒಪ್ಪಲಾರರು, ಏಕೆಂದರೆ ಮೂಲ ರೂಪದ ಬಹುಪಾಲು ಅಲ್ಲಿ ಉಳಿದಿಲ್ಲ. ಆದರೂ ಮೇಲೆ ಹೇಳಿದ ಅಳತೆಗೋಲಿನಿಂದ ನೋಡಿದರೆ, ರಸ್ತೆಯಿಂದ ನೇರ ಪ್ರವೇಶ, ದೊಡ್ಡ ಅಖಂಡ ಸಭಾಂಗಣ, ಕನ್ನಡ ಚಿತ್ರಗಳಿಗೆ ಆದ್ಯತೆ ಇವು ಉಳಿದ ನವರಂಗ್, ಹಳೆಯ ಗೋಡೆ ಮಾತ್ರ ಉಳಿದ ಒಪೆರಾ ಹೌಸಿಗಿಂತ ಹೆಚ್ಚು ನಿಜವಾದ ಪುನರುಜ್ಜೀವನ. ನವರಂಗ್‌ನ ಗೌಡರ ಕುಟುಂಬವೇ ‘ಸತ್ಯ ಹರಿಶ್ಚಂದ್ರ’ವನ್ನು 2008ರಲ್ಲಿ, ‘ಕಸ್ತೂರಿ ನಿವಾಸ’ವನ್ನು 2014ರಲ್ಲಿ ವರ್ಣಕ್ಕೆ ಪರಿವರ್ತಿಸಿ ಮತ್ತೆ ತೆರೆಗೆ ತಂದಿತು. ಕಪ್ಪುಬಿಳುಪಿನ ಮೂಲಕ್ಕೆ ಬಣ್ಣ ತುಂಬುವುದು ಕಲೆಯ ದೃಷ್ಟಿಯಿಂದ ಚರ್ಚಾಸ್ಪದವೇ. ಆದರೆ ಹಳೆಯ ಚಿತ್ರ ಪೆಟ್ಟಿಗೆಯಲ್ಲಿರದೆ ಟಾಕೀಸಿನ ಪರದೆಗೆ ಮರಳಬೇಕು ಎಂಬ ಅದರ ಹಿಂದಿನ ನಂಬಿಕೆ ಸರಿಯಾದದ್ದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 4ಕೆ ಗುಣಮಟ್ಟದಲ್ಲಿ ಮರುರೂಪ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ವೆನಿಸಿನವರಿಗೆ ದೊರೆತ ಆ ಪರದೆ ವಿಜಯನಗರದ ಕಾಲೇಜು ವಿದ್ಯಾರ್ಥಿಗೂ, ಕೆಂಗೇರಿಯ ಉಪಾಧ್ಯಾಯಿನಿಗೂ ದೊರೆಯುವಂತೆ ಮಾಡುವುದು ನಾಡಿನ ಹೊಣೆ.

ಹಾಗಾದರೆ ನವರಂಗ್‌ನಂಥ ಟಾಕೀಸನ್ನು ಕಾನೂನಿನ ಬಲದಿಂದ ಕಾಪಾಡಬಹುದೇ? ಈಗಿನ ಕಾನೂನಿನ ಕಣ್ಣಿಗೆ ಅದು ಬೀಳುವುದೇ ಇಲ್ಲ. 1958ರ ಕೇಂದ್ರ ಪ್ರಾಚೀನ ಸ್ಮಾರಕಗಳ ಕಾಯಿದೆ ನೂರು ವರ್ಷ ಹಳೆಯದನ್ನಷ್ಟೇ ಪ್ರಾಚೀನ ಎನ್ನುತ್ತದೆ. ಸ್ವಾತಂತ್ರ್ಯಾನಂತರದ ಬಡಾವಣೆಯ ಯಾವ ಟಾಕೀಸಿಗೂ ಆ ವಯಸ್ಸು ಆಗಿಲ್ಲ, ಆಗುವವರೆಗೆ ಅದು ಇರುವುದೂ ಇಲ್ಲ. ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವವರು ಕಮಾನು, ಗಾರೆ, ಕಿಟಕಿಗಳ ಸೊಬಗನ್ನು ಗುರುತಿಸಬಲ್ಲರು, ಬಳಕೆಯನ್ನು ಗುರುತಿಸುವ ಕ್ರಮ ಅವರಲ್ಲಿಲ್ಲ. ಆದ್ದರಿಂದ ಕಟ್ಟಡಕ್ಕಿಂತ ಬಳಕೆಗೆ ರಕ್ಷಣೆ ಕೊಡುವ ಬೇರೆ ದಾರಿ ಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 14ಬಿ ಕಲಮಿನಲ್ಲಿ ಅಭಿವೃದ್ಧಿ ಹಕ್ಕುಗಳ ವರ್ಗಾವಣೆ ಎಂಬ ಏರ್ಪಾಡಿದೆ. ಸಾರ್ವಜನಿಕ ಉದ್ದೇಶಕ್ಕೆ ಜಾಗ ಬಿಟ್ಟುಕೊಟ್ಟವನು ಅಲ್ಲಿ ಕಟ್ಟಬಹುದಾಗಿದ್ದಷ್ಟನ್ನು ಬೇರೆಡೆ ಕಟ್ಟುವ ಅಥವಾ ಆ ಹಕ್ಕನ್ನು ಮಾರುವ ಅವಕಾಶ ಇದು. ತನ್ನ ನಿವೇಶನದಲ್ಲಿ ಅಗ್ಗದ ಸಾಲುಗಳಿರುವ ದೊಡ್ಡ ಚಿತ್ರಮಂದಿರವನ್ನು ಇಂತಿಷ್ಟು ವರ್ಷ ನಡೆಸುತ್ತೇನೆ ಎಂದು ಕರಾರು ಬರೆದುಕೊಡುವ ಮಾಲೀಕನಿಗೂ ಇಂಥದೇ ಹಕ್ಕು ದೊರೆಯುವಂತೆ ಕಾನೂನನ್ನು ವಿಸ್ತರಿಸಿದರೆ, ನೆಲದ ಬೆಲೆಯ ಒತ್ತಡ ಸ್ವಲ್ಪವಾದರೂ ಇಳಿದೀತು. ಮಾಲೀಕನಿಗೆ ಬರೀ ಭಾವನೆಯ ಹೆಸರಿನಲ್ಲಿ ನಷ್ಟ ಹೊರು ಎಂದು ಹೇಳುವ ನೈತಿಕ ಅಧಿಕಾರ ನೆನಪು ಬರೆಯುವವರಿಗೆ ಇಲ್ಲ.

ತೆರಿಗೆ ಮತ್ತು ದರದ ವಿಷಯದಲ್ಲಿ ಸರ್ಕಾರಗಳು ಒಂದಿಷ್ಟು ಕದಲಿವೆ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಏಕಪರದೆಯ ಟಾಕೀಸಿನ ಮುಂದಿನ ಸಾಲುಗಳಿಗೆ ಇದರಿಂದ ನೇರ ಪ್ರಯೋಜನ. ಅದೇ ತಿಂಗಳು ಕರ್ನಾಟಕ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹೇರಿದ ನಿಯಮಕ್ಕೆ ಉಚ್ಚ ನ್ಯಾಯಾಲಯದ ತಡೆಯಾಜ್ಞೆ ಬಂತು. ದರಮಿತಿ ಜನಪ್ರಿಯವಾದರೂ ಗುರಿ ತಪ್ಪಿದ ಕ್ರಮ: ಅದು ಮಲ್ಟಿಪ್ಲೆಕ್ಸಿನ ಟಿಕೆಟನ್ನು ಇಳಿಸಬಹುದು, ಬಡಾವಣೆಯ ಟಾಕೀಸನ್ನು ಉಳಿಸಲಾರದು. ಟಾಕೀಸಿನ ಹಣಕಾಸಿನ ಮೂಲ ತೊಡಕು ಬಾಡಿಗೆ ಪದ್ಧತಿಯಲ್ಲಿದೆ. ಕರ್ನಾಟಕದ ಬಹಳಷ್ಟು ಏಕಪರದೆಯ ಚಿತ್ರಮಂದಿರಗಳು ನಿರ್ಮಾಪಕ ಅಥವಾ ಹಂಚಿಕೆದಾರರಿಂದ ವಾರಕ್ಕೆ ಇಷ್ಟು ಎಂದು ಬಾಡಿಗೆ ಪಡೆಯುತ್ತ ಬಂದವು, ಮಲ್ಟಿಪ್ಲೆಕ್ಸುಗಳು ಗಳಿಕೆಯಲ್ಲಿ ಶೇಕಡಾವಾರು ಪಾಲು ಹಂಚಿಕೊಳ್ಳುತ್ತವೆ. ಬಾಡಿಗೆಯಲ್ಲಿ ಮಾಲೀಕನಿಗೆ ಭದ್ರತೆಯೇನೋ ಇದೆ, ಆದರೆ ಬಾಡಿಗೆ ಕಟ್ಟಲಾರದ ಸಣ್ಣ ಕನ್ನಡ ಚಿತ್ರ ಆ ಬಾಗಿಲಿಗೇ ಬರುವುದಿಲ್ಲ, ದೊಡ್ಡ ಚಿತ್ರಗಳಿಲ್ಲದ ವಾರಗಳಲ್ಲಿ ಟಾಕೀಸು ಖಾಲಿ ಹೊಡೆಯುತ್ತದೆ. ಲಾಭನಷ್ಟ ಇಬ್ಬರಿಗೂ ಸೇರಿದ್ದು ಎಂಬ ಶೇಕಡಾವಾರು ಪದ್ಧತಿಯೇ ಎರಡೂ ಕಡೆಯವರಿಗೆ ಹಿತ.

ಖಾಸಗಿಯವರಿಂದ ಮಾತ್ರ ಇದೆಲ್ಲ ಆಗಲಿ ಎಂದು ಕಾಯಬೇಕಾಗಿಯೂ ಇಲ್ಲ. ಕೇರಳದಲ್ಲಿ 1975ರಲ್ಲಿ ಸ್ಥಾಪನೆಯಾದ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ತಿರುವನಂತಪುರದ ಕೈರಳಿ, ಶ್ರೀ, ನಿಳಾ ಪರದೆಗಳೂ ಸೇರಿದಂತೆ ಹಲವು ಚಿತ್ರಮಂದಿರಗಳನ್ನು ತಾನೇ ನಡೆಸುತ್ತದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಸಾರ್ವಜನಿಕ ನಿವೇಶನದಲ್ಲಿ ಟ್ರಸ್ಟೊಂದು ಕಟ್ಟಿದ ರಂಗಶಂಕರ 2004ರಿಂದ ನಾಟಕಕ್ಕೆ ಕೈಗೆಟಕುವ ಬಾಡಿಗೆಯಲ್ಲಿ ಒಳ್ಳೆಯ ರಂಗಮಂದಿರ ಒದಗಿಸುತ್ತಿದೆ. ನಾಟಕಕ್ಕೆ ಸಾಧ್ಯವಾದದ್ದು ಸಿನಿಮಾಕ್ಕೆ ಅಸಾಧ್ಯವಾಗಬೇಕಿಲ್ಲ.

ಅದಕ್ಕೆ ಜಾಗವೂ ಗೊತ್ತಾಗಿದೆ. ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ಸೇರಿದ, ರಾಜಾಜಿನಗರಕ್ಕೆ ಸಮೀಪದ ನಂದಿನಿ ಬಡಾವಣೆಯ ಎರಡೂವರೆ ಎಕರೆಯಲ್ಲಿ ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವದಲ್ಲಿ ಮಲ್ಟಿಪ್ಲೆಕ್ಸ್ ಸಮುಚ್ಚಯ ಕಟ್ಟುವುದಾಗಿ 2025-26ರ ರಾಜ್ಯ ಬಜೆಟ್ ಘೋಷಿಸಿತು. ಸಾರ್ವಜನಿಕ ನೆಲದಲ್ಲಿ ಇನ್ನೊಂದು ಮಾಲನ್ನು ಕಟ್ಟುವುದಾದರೆ ಅದರ ಅಗತ್ಯವೇ ಇಲ್ಲ. ಸುತ್ತಮುತ್ತ ಅವು ಸಾಕಷ್ಟಿವೆ. ಅಲ್ಲಿ ಸಣ್ಣ ಪರದೆಗಳ ಜೊತೆಗೆ ಸಾವಿರ ಆಸನಗಳ ಒಂದು ದೊಡ್ಡ ಸಭಾಂಗಣ ಇರಬೇಕು, ಅದರ ಬಾಗಿಲು ರಸ್ತೆಗೆ ತೆರೆಯಬೇಕು, ಮುಂದಿನ ಸಾಲುಗಳ ಟಿಕೆಟ್ ದಿನಗೂಲಿಯವರ ಕೈಗೆ ಎಟಕುವಷ್ಟು ಅಗ್ಗವಾಗಿರಬೇಕು, ಹೆಣ್ಣುಮಕ್ಕಳಿಗೆ ಸುರಕ್ಷಿತವೂ ಸ್ವಚ್ಛವೂ ಆಗಿರಬೇಕು, ಪ್ರತಿ ವಾರ ಒಂದಾದರೂ ಹಳೆಯ ಕನ್ನಡ ಚಿತ್ರ ಅಲ್ಲಿ ತೆರೆಗೆ ಬರಬೇಕು. ಖಾಸಗಿ ಪಾಲುದಾರರೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿಯೇ ಈ ಷರತ್ತುಗಳನ್ನು ಬರೆಯುವಂತೆ ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ, ಬಸವೇಶ್ವರನಗರ, ವಿಜಯನಗರದ ನಿವಾಸಿಗಳೂ ಚಿತ್ರರಂಗದ ಸಂಘಟನೆಗಳೂ ಅಕಾಡೆಮಿಯನ್ನು ಒತ್ತಾಯಿಸಬೇಕು.